ಸೊಲೊಮೋನ ಎಲ್ಲಿ ಕೂತ್ಕೊಳ್ತಾನೆ?

ನಡುಸಮುದ್ರದಲ್ಲಿ ಬಿರುಗಾಳಿ ಎದ್ದಿದೆ. ಹಡಗು ಇನ್ನೇನು ಒಡೆಯುವುದರಲ್ಲಿದೆ. ಸರಕನ್ನೆಲ್ಲ ನೀರಿಗೆ ಎಸೆದಾಗಿದೆ, ಅವರವರ ದೇವರನ್ನು ಅವರವರು ಕೂಗಿ ಕರೆದಾಗಿದೆ. ಇಷ್ಟೆಲ್ಲ ಗಲಾಟೆಯಾದರೂ ತಳದಲ್ಲಿ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದ ಒಬ್ಬ ಪ್ರಯಾಣಿಕನನ್ನು ಎಬ್ಬಿಸಿ ತಂದು, ಚೀಟಿ ಹಾಕಿ, ಈ ಆಪತ್ತಿಗೆಲ್ಲ ಇವನೇ ಕಾರಣ ಎಂದು ನಾವಿಕರು ಪತ್ತೆ ಮಾಡುತ್ತಾರೆ. ಆಮೇಲೆ ಏನು ಮಾಡುತ್ತಾರೆ? ನಾಲ್ಕು ಬಾರಿಸುತ್ತಾರೆಯೆ? ಇಲ್ಲ. ಏನು ಕೆಲಸ ಮಾಡಿಕೊಂಡಿದ್ದಾನೆ, ಯಾವ ಕಡೆಯಿಂದ ಬಂದ, ಅವನ ಸೀಮೆ ಯಾವುದು, ಯಾವ ಪೈಕಿಯವನು ಎಂದು ವಿಚಾರಿಸಲು ಕೂರುತ್ತಾರೆ.

ಬೈಬಲಿನ ಯೋನನ ಪುಸ್ತಕದ ಮೊದಲನೆಯ ಅಧ್ಯಾಯವಿದು. ಓದಿದಾಗಲೆಲ್ಲ ಆ ನಾವಿಕರು ಪರದೇಶದವರು ಎಂದು ನನಗೆ ಅನ್ನಿಸುವುದೇ ಇಲ್ಲ. ಉಡುಪಿಯಲ್ಲಿ ರೈಲು ಹತ್ತಿ ಎದುರು ಸೀಟಿನಲ್ಲಿ ಕಾಲು ಮಡಚಿ ಕೂತವರೇ ಅವರು. ನಮ್ಮವರಾಗಿದ್ದರೆ ಸಂಬಳ ಎಷ್ಟು, ಮನೆ ಸ್ವಂತದ್ದೋ ಬಾಡಿಗೆಯದೋ ಎಂದೂ ಕೇಳಿಬಿಡುತ್ತಿದ್ದರು. ಯೋನ ತನಗಿನ್ನೂ ಮದುವೆಯಾಗಿಲ್ಲ ಎಂದು ಬಾಯಿಬಿಟ್ಟಿದ್ದರೆ, ಬೈಂದೂರಿನಲ್ಲಿ ಒಂದು ಒಳ್ಳೆಯ ಸಂಬಂಧವಿದೆ ಎಂದು ತಿಳಿಸಿಯೇ ಅವನನ್ನು ನೀರಿಗೆ ನೂಕುತ್ತಿದ್ದರು.

ಹೀಗೆ ಬೈಬಲಿನಲ್ಲಿ ನಮ್ಮೂರಿನವರೂ ನಮ್ಮೂರಿನವರಲ್ಲಿ ಬೈಬಲೂ ಕಾಣಿಸುವುದು ನನ್ನ ಹಳೆಯ ಕಾಯಿಲೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ನಮ್ಮ ಹಿರಿಯರಿಗೆ ಬಟ್ಟೆ ನೇಯುವುದನ್ನೂ ಅಚ್ಚಿನ ಮೊಳೆ ಜೋಡಿಸುವುದನ್ನೂ ಹೆಂಚು ಸುಡುವುದನ್ನೂ ಕಲಿಸಿದರು. ತಲೆಮಾರುಗಳು ಕಳೆದು ನನ್ನ ಪಾಲಿಗೆ ಬರುವ ಹೊತ್ತಿಗೆ ಉಳಿದದ್ದು ಸಂಡೇ ಸ್ಕೂಲಿನ ಬಾಯಿಪಾಠ ಒಂದೇ. ಭಾನುವಾರಕ್ಕೊಂದು ವಾಕ್ಯ, ಜೊತೆಗೆ ಅದರ ಅಧ್ಯಾಯ ಮತ್ತು ವಚನದ ಸಂಖ್ಯೆ. ವಾಕ್ಯದಲ್ಲಿ ಒಂದೆರಡು ಶಬ್ದ ಹಿಂದುಮುಂದಾದರೆ ನಮ್ಮ ಟೀಚರ್ ಕ್ಷಮಿಸುತ್ತಿದ್ದರು. ಸಂಖ್ಯೆ ತಪ್ಪಿದರೆ ಮಾತ್ರ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ದೇವರು ದಯಾಮಯ ಹೌದು, ಹಾಗಂತ ಲೆಕ್ಕ ತಪ್ಪಿಸುವವನಲ್ಲ ಎಂದು ಅವರ ಅಭಿಪ್ರಾಯ ಇದ್ದಿರಬೇಕು. ಇದರ ಪರಿಣಾಮವಾಗಿ, ಕ್ಷೌರದ ಅಂಗಡಿಯಲ್ಲೋ ರೇಷನ್ ಕ್ಯೂನಲ್ಲೋ ಗುರುತಿಲ್ಲದವರ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ತಲೆಯಲ್ಲಿ ಟಣ್ ಎಂದು ಒಂದು ಸಂಖ್ಯೆ ಏಳುತ್ತದೆ.

ಇನ್ನೂ ದೊಡ್ಡ ಪರಿಣಾಮವೆಂದರೆ, ನನ್ನ ಹೆಂಡತಿಯೂ ಅದೇ ಟೀಚರರ ಶಿಷ್ಯೆ. ನಾವಿಬ್ಬರೂ ಹೊರಗೆ ಹೋದಾಗ ಜಗಳವಾಡುವುದು ಸಂಖ್ಯೆಯಲ್ಲಿ. ಯಾರದಾದರೂ ಮದುವೆ ಊಟದಲ್ಲಿ ನಾನು ಪಕ್ಕದ ಎಲೆಯವರಿಗೆ ದೇಶದ ಆರ್ಥಿಕ ಸ್ಥಿತಿ ವಿವರಿಸುತ್ತಿದ್ದರೆ ಇವಳು ಸಾರು ಕಲಸುತ್ತಲೇ "ಹದಿನೇಳು ಇಪ್ಪತ್ತೆಂಟು" ಎನ್ನುತ್ತಾಳೆ. ಜ್ಞಾನೋಕ್ತಿಗಳು, 17ನೆಯ ಅಧ್ಯಾಯ, 28ನೆಯ ವಚನ. ಬಾಯಿ ಮುಚ್ಚಿಕೊಂಡಿದ್ದರೆ ದಡ್ಡನನ್ನು ಕೂಡ ಜನ ಬುದ್ಧಿವಂತ ಅಂದುಕೊಳ್ಳುತ್ತಾರೆ ಎಂದು ಅದರ ತಾತ್ಪರ್ಯ. ನಾನು ಬಿಡುತ್ತೇನೆಯೇ? "ಇಪ್ಪತ್ತೇಳು ಹದಿನೈದು" ಎನ್ನುತ್ತೇನೆ. ಜಗಳಗಂಟಿ ಹೆಂಡತಿಯನ್ನು ಮಳೆಗಾಲದ ಸೋರುವ ಮಾಡಿಗೆ ಹೋಲಿಸಿದ ವಚನ ಅದು. ಹೆಂಚಿನ ಕಾರ್ಖಾನೆಯವನ ಮೊಮ್ಮಗನಾದ ನನಗೆ ಸೋರುವ ಮಾಡಿನ ಕಷ್ಟ ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ. ಜ್ಞಾನೋಕ್ತಿಗಳು ಯಾರ ಹೆಸರಿನಲ್ಲಿವೆಯೋ ಆ ಅರಸ ಸೊಲೊಮೋನನಿಗೂ ಬೇಕಿರಲಿಲ್ಲ. ಅವನಿಗೆ ಏಳುನೂರು ಹೆಂಡಿರು, ಮುನ್ನೂರು ಉಪಪತ್ನಿಯರು ಎಂದು ಅರಸುಗಳ ಪುಸ್ತಕ ಹೇಳುತ್ತದೆ. ಒಟ್ಟು ಎಷ್ಟು ಕಡೆ ಸೋರುತ್ತಿತ್ತು ಎಂದು ನೀವೇ ಲೆಕ್ಕ ಹಾಕಿ.

ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತಲ್ಲ, ಅದಕ್ಕೂ ಮುಂಚಿನ ಮಾತು. ಬಸ್ ಸ್ಟ್ಯಾಂಡಿನ ಬಳಿಯ ಹೋಟೆಲೊಂದರಲ್ಲಿ ಗೋಳಿಬಜೆ ತಿನ್ನುತ್ತ ನಾವು ಹೀಗೆ ಸಂಖ್ಯೆ ಎಸೆದಾಡುತ್ತಿದ್ದೆವು. ಪಕ್ಕದ ಮೇಜಿನವರೊಬ್ಬರು ಕಿವಿ ನೆಟ್ಟಗೆ ಮಾಡಿಕೊಂಡು ಬಸ್ ಟಿಕೆಟಿನ ಹಿಂಭಾಗದಲ್ಲಿ ಏನೋ ಬರೆದುಕೊಂಡರು. ಆಮೇಲೆ ಕುರ್ಚಿ ಎಳೆದು ಹತ್ತಿರ ಬಂದು ಪಿಸುಮಾತಿನಲ್ಲಿ ಕೇಳಿದರು, "ಇದು ಯಾರ ನಂಬರ್ ಮಾರಾಯ್ರೆ?"

"ಸೊಲೊಮೋನನದ್ದು" ಎಂದೆ.

"ಹೊಸ ಏಜೆಂಟಾ? ಎಲ್ಲಿ ಕೂತ್ಕೊಳ್ತಾನೆ? ಬಸ್ ಸ್ಟ್ಯಾಂಡ್ ಹತ್ರವಾ?"

ನನಗೆ ನಗು ತಡೆಯಲಾಗಲಿಲ್ಲ. ಕೆಲವು ದಿನಗಳ ಮೇಲೆ ಅದೇ ಹೋಟೆಲಿನಲ್ಲಿ ಆ ಮನುಷ್ಯ ಮತ್ತೆ ಸಿಕ್ಕಿದರು. ಮುಖ ಊದಿಸಿಕೊಂಡಿದ್ದರು. "ನಿಮ್ಮ ಸೊಲೊಮೋನನನ್ನು ನಂಬಿದ್ರೆ ಮನೆಮಠ ಹೋಗ್ತದೆ. ಅವನ ಮಾತು ಅವನಾದ್ರೂ ಕೇಳ್ತಾನಾ?" ಎಂದರು. ಬೈಬಲ್ ಪಂಡಿತರು ದಪ್ಪದಪ್ಪ ಗ್ರಂಥಗಳಲ್ಲಿ ಚರ್ಚಿಸಿದ ವಿಷಯವನ್ನು ಆ ಪುಣ್ಯಾತ್ಮ ಒಂದು ಪ್ಲೇಟ್ ಬನ್ಸಿನ ಎದುರು ಮುಗಿಸಿದ್ದರು. ಸೊಲೊಮೋನನ ಬುದ್ಧಿವಾದವನ್ನು ಮೊದಲು ಗಾಳಿಗೆ ತೂರಿದವನು ಸೊಲೊಮೋನನೇ. ಎರಡನೆಯವನು ಅವನ ಮಗ ರೆಹಬ್ಬಾಮ. ಹಿರಿಯರು ಹೇಳಿದ್ದನ್ನು ಬಿಟ್ಟು ಗೆಳೆಯರ ಮಾತು ಕೇಳಿ ಹತ್ತು ಕುಲಗಳನ್ನು ಕಳೆದುಕೊಂಡ.

ಆದರೆ ಅವರ ಮೊದಲ ದಿನದ ಪ್ರಶ್ನೆ ಇದೆಯಲ್ಲ, ಬಸ್ ಸ್ಟ್ಯಾಂಡ್ ಹತ್ತಿರವೇ ಎಂದು ಕೇಳಿದ್ದು, ಅದನ್ನು ನಾನು ನಗೆಯಲ್ಲಿ ಬಿಡಲಾರೆ. ಜ್ಞಾನೋಕ್ತಿಗಳ ಪುಸ್ತಕ ತೆರೆದರೆ ಮೊದಲನೆಯ ಅಧ್ಯಾಯದಲ್ಲೇ ವಿಳಾಸ ಸಿಗುತ್ತದೆ. ಅಲ್ಲಿ ವಿವೇಕವೆಂಬುದು ಒಬ್ಬ ಹೆಂಗಸು. ಅವಳು ದೇವಾಲಯದೊಳಗೆ ಕೂತಿಲ್ಲ, ಅರಮನೆಯಲ್ಲೂ ಇಲ್ಲ. ಬೀದಿಯಲ್ಲಿ, ಚೌಕದಲ್ಲಿ, ಗದ್ದಲದ ಜಾಗದಲ್ಲಿ, ಊರಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದಾಳೆ. ಊರಬಾಗಿಲೆಂದರೆ ಆ ಕಾಲದ ಬಸ್ ಸ್ಟ್ಯಾಂಡು, ಪಂಚಾಯ್ತಿ ಕಟ್ಟೆ, ಸಂತೆ ಮೂರೂ ಸೇರಿದ ಜಾಗ. ರೂತಳ ಮದುವೆ ವಿಚಾರವನ್ನು ಬೋವಜ ತೀರ್ಮಾನಿಸಿದ್ದು ಊರಬಾಗಿಲಲ್ಲಿ, ಹೋಗುತ್ತಿದ್ದ ಹಿರಿಯರನ್ನು ಹತ್ತು ಜನ ಕೂಡಿಸಿಕೊಂಡು. ಯೆರೂಸಲೇಮಿನ ಗೋಡೆಗೆ ಮೀನು ಬಾಗಿಲು ಎಂಬ ಹೆಸರಿನ ಬಾಗಿಲೇ ಇತ್ತು. ಮೂಗು ಮುಚ್ಚಿಕೊಳ್ಳುವವರಿಗೆ ವಿವೇಕ ಸಿಗುವುದು ಆಗಲೂ ಕಷ್ಟವಿತ್ತು.

ಪುಸ್ತಕದೊಳಗಿನ ಮಾತುಗಳೂ ಒಬ್ಬನ ತಲೆಯಿಂದ ಬಂದವಲ್ಲ. ಅರಸನಾದ ಹಿಜ್ಕೀಯನ ಕಡೆಯವರು ಕೂಡಿಸಿ ಬರೆದದ್ದು ಎಂದು 25ನೆಯ ಅಧ್ಯಾಯದ ತಲೆಯ ಮೇಲೇ ಇದೆ. 30ನೆಯ ಅಧ್ಯಾಯ ಆಗೂರ ಎಂಬವನದು. ಅವನು ಯಾರು, ಎಲ್ಲಿಯವನು ಎಂದು ಇವತ್ತಿಗೂ ವಾದ ನಡೆಯುತ್ತಿದೆ. ಯಾರೂ ಅವನನ್ನು ಯಾವ ಊರು, ಯಾವ ಪೈಕಿ ಎಂದು ಕೇಳದೆ ಬಿಟ್ಟದ್ದರ ಫಲ. ಕೊನೆಯ ಅಧ್ಯಾಯ ಶುರುವಾಗುವುದು ಲೆಮೂವೇಲನೆಂಬ ಅರಸನಿಗೆ ಅವನ ತಾಯಿ ಹೇಳಿದ ಬುದ್ಧಿಯಿಂದ. ಕುಡಿಯಬೇಡ, ಹೆಂಗಸರ ಹಿಂದೆ ಹೋಗಬೇಡ, ಬಡವರಿಗೆ ನ್ಯಾಯ ಕೊಡು. ಬೆಂಗಳೂರಿಗೆ ಹೊರಟ ಮಗನಿಗೆ ಬಸ್ಸಿನ ಕಿಟಕಿಯಲ್ಲಿ ನಿಂತು ಅಮ್ಮಂದಿರು ಹೇಳುವ ಪಟ್ಟಿಯೇ ಅದು. ಇನ್ನು ನಡುವಿನ ಕೆಲವು ಪುಟಗಳಿಗೂ ಈಜಿಪ್ಟಿನ ಅಮೆನೆಮೋಪೆ ಎಂಬವನ ಉಪದೇಶಕ್ಕೂ ಎಷ್ಟು ಹೋಲಿಕೆಯೆಂದರೆ, 1923ರಲ್ಲಿ ಆ ಪಪೈರಸ್ ಹಾಳೆ ಅಚ್ಚಾಗಿ ಹೊರಬಂದಾಗ ವಿದ್ವಾಂಸರು ಕನ್ನಡಕ ಒರೆಸಿಕೊಂಡು ನೋಡಿದರು. ಪರಊರಿನವರ ಮಾತನ್ನು ಒಳಗೆ ಬಿಟ್ಟುಕೊಂಡ ಪುಸ್ತಕ ಅದು. ನಮ್ಮ ಕಿಟ್ಟೆಲ್ ಸಾಹೇಬರು ಮಾಡಿದ್ದೂ ಇದನ್ನೇ ಅಲ್ಲವೇ? 1853ರಲ್ಲಿ ಬೈಬಲ್ ಸಾರಲು ಬಂದವರು 1894ರಲ್ಲಿ ಕನ್ನಡ ನಿಘಂಟನ್ನು ಅಚ್ಚು ಹಾಕಿಸಿದರು. ಅದರ ತುಂಬ ನಮ್ಮ ಹಳ್ಳಿಯವರ ಗಾದೆಗಳು. ಹೇಳಲು ಬಂದವರು ಕೇಳಿಸಿಕೊಳ್ಳಲು ಕೂತುಬಿಟ್ಟರು. ಅವರ ಮೇಲಧಿಕಾರಿಗಳಿಗೆ ಇದರಿಂದ ಎಷ್ಟು ಸಂತೋಷವಾಯಿತೋ ಕಾಣೆ.

ಮೀನು ಬಾಗಿಲ ಮಾತು ಬಂತು. ಉಡುಪಿಯ ಮೀನು ಮಾರ್ಕೆಟಿಗೆ ನಾನು ಹೋಗುವುದು ಮೀನಿಗಾಗಿ ಅರ್ಧ, ಮಾತಿಗಾಗಿ ಅರ್ಧ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಬಂಗುಡೆಯ ರೇಟ್ ಏರುತ್ತದೆ, ಮಾತಿನ ಖಾರವೂ ಏರುತ್ತದೆ. ಅಂಥದೊಂದು ಮಳೆಗಾಲದ ಬೆಳಿಗ್ಗೆ. ಇಸ್ತ್ರಿ ಮಾಡಿದ ಅಂಗಿಯವರೊಬ್ಬರು ಬಂಗುಡೆಯ ಕಿವಿರು ಎತ್ತಿ ನೋಡುತ್ತ, "ಎಂತದು ಇದು, ಐಸಿನದ್ದು. ಕಣ್ಣು ನೋಡಿ, ಕೆಂಪಾಗಿದೆ" ಎಂದರು.

ಮೀನಿನ ಅಕ್ಕ ಸೊಂಟದ ಮೇಲೆ ಕೈಯಿಟ್ಟರು. "ನೀವು ಹೇಳಿದ ರೇಟ್ ಕೇಳಿ ಅದಕ್ಕೆ ಅಳು ಬಂತು. ಅದಕ್ಕೇ ಕಣ್ಣು ಕೆಂಪು."

ಇದನ್ನು ಅವರು ತುಳುವಿನಲ್ಲಿ ಹೇಳಿದ್ದು. ಕನ್ನಡಕ್ಕೆ ತರುವಾಗ ನನ್ನ ಕೈಯಲ್ಲಿ ಅರ್ಧ ಖಾರ ಚೆಲ್ಲಿಹೋಗಿದೆ. ಆ ಮಹಾನುಭಾವರು ಹೊಟ್ಟೆ ಒಡೆದಿದೆ ಎಂದರು, ಸಣ್ಣದು ಎಂದರು, ನಿನ್ನೆಯದು ಎಂದರು. ಕೊನೆಗೆ ಆ ಕೆಟ್ಟುಹೋದ, ಸಣ್ಣ, ನಿನ್ನೆಯ ಮೀನನ್ನೇ ಎರಡು ಪಾಲು ಕಟ್ಟಿಸಿಕೊಂಡು ಹೊರಟರು. ಅವರ ಬೆನ್ನು ಮರೆಯಾಗುತ್ತಲೇ ಅಕ್ಕ ನನ್ನ ಕಡೆ ತಿರುಗಿದರು.

"ಈಗ ಮನೆಗೆ ಹೋಗಿ ಎಂತ ಹೇಳ್ತಾನೆ ಗೊತ್ತುಂಟಾ? ಫಸ್ಟ್ ಕ್ಲಾಸ್ ಬಂಗುಡೆ, ಬಾಯಿ ಸತ್ತವಳು ಒಬ್ಬಳು ಸಿಕ್ಕಿದ್ಳು, ಅರ್ಧ ರೇಟಿಗೆ ಕೊಟ್ಟಳು ಅಂತ."

ತಲೆಯಲ್ಲಿ ಟಣ್ ಎಂದಿತು. ಜ್ಞಾನೋಕ್ತಿ 20:14. ಕೊಳ್ಳುವವನು ಅಂಗಡಿಯ ಮುಂದೆ ನಿಂತು ಸರಕು ಕೆಟ್ಟದ್ದೆಂದು ಹಳಿಯುತ್ತಾನೆ, ಆಚೆ ಹೋಗಿ ತನ್ನ ಜಾಣತನ ಕೊಚ್ಚಿಕೊಳ್ಳುತ್ತಾನೆ. ಅದೇ ವಿಷಯ, ಆದರೆ ಅಕ್ಕನ ಮಾತಿನಲ್ಲಿ "ಬಾಯಿ ಸತ್ತವಳು" ಎಂಬುದೊಂದು ಹೆಚ್ಚಿನ ಸೊಗಸು. ತಡೆಯಲಾರದೆ ಹೇಳಿಯೇಬಿಟ್ಟೆ, "ಅಕ್ಕ, ಇದನ್ನೇ ಸೊಲೊಮೋನ ಅಂತ ಒಬ್ಬ ರಾಜ ಸಾವಿರಾರು ವರ್ಷದ ಹಿಂದೆ ಹೇಳಿದ್ದಾನೆ."

"ರಾಜನಾ? ಅವನೂ ಮೀನಿಗೆ ಬರ್ತಿದ್ದನಾ?"

ಮೀನಿಗೆ ಬರುತ್ತಿದ್ದನೋ ಇಲ್ಲವೋ, ಮೀನಿನ ಬಗ್ಗೆ ಮಾತಾಡುತ್ತಿದ್ದದ್ದು ನಿಜ. ಮರಗಿಡ, ಮೃಗ, ಪಕ್ಷಿ, ಹುಳಹುಪ್ಪಟೆ, ಮೀನು ಎಲ್ಲದರ ಕುರಿತೂ ಅವನು ಮಾತಾಡುತ್ತಿದ್ದ ಎಂದು ಒಂದನೆಯ ಅರಸುಗಳು 4:33. ಅದನ್ನೂ ಹೇಳಿದೆ.

"ಮಾತಾಡಿ ಹೋಗುವವರು ಇಲ್ಲಿಗೂ ತುಂಬ ಜನ ಬರ್ತಾರೆ" ಎಂದರು ಅಕ್ಕ. "ನಿಮಗೆ ಎಷ್ಟು ಹಾಕ್ಲಿ?"

ಬಸ್ಸು ರೈಲುಗಳಲ್ಲಿ ಕಿವಿಗೆ ಬಿದ್ದ ಮಾತುಗಳ ಸಂಗ್ರಹ ಬೇರೆಯೇ ಇದೆ. ನಸುಕಿನಲ್ಲಿ ಪಂಚಗಂಗಾ ರೈಲು ಇನ್ನೂ ಕತ್ತಲಲ್ಲಿ ಓಡುತ್ತಿರುವಾಗ ಒಬ್ಬರು ಫೋನಿನಲ್ಲಿ ಇಡೀ ಬೋಗಿಗೆ ಕೇಳುವಂತೆ, "ಗುಡ್ ಮಾರ್ನಿಂಗ್ ಸಾರ್! ಎದ್ರಾ ಸಾರ್?" ಎಂದು ಯಾರಿಗೋ ಶುಭ ಹಾರೈಸಿದರು. ಮೇಲಿನ ಬರ್ತಿನಿಂದ ಕಂಬಳಿಯೊಳಗಿನ ಧ್ವನಿಯೊಂದು, "ಅವರು ಎದ್ದರೋ ಇಲ್ಲವೋ, ನಾವಂತೂ ಎದ್ವಿ" ಎಂದಿತು. ಬೆಳ್ಳಂಬೆಳಿಗ್ಗೆ ದೊಡ್ಡ ದನಿಯಲ್ಲಿ ಹರಸಿದರೆ ಅದು ಶಾಪವೆಂದೇ ಲೆಕ್ಕ ಎಂದು 27:14 ತೀರ್ಪು ಕೊಟ್ಟಿದೆ. ಅದಕ್ಕೂ ಸೋರುವ ಮಾಡಿನ ವಚನಕ್ಕೂ ಒಂದೇ ಅಂತರ. ಪಕ್ಕಪಕ್ಕದಲ್ಲಿಟ್ಟವರು ಅನುಭವಸ್ಥರೇ ಇರಬೇಕು.

ಹೆಗಲ ಮೇಲಿನಿಂದ ಬಗ್ಗಿ ನಮ್ಮ ಪೇಪರು ಓದುವವರ ಬಗ್ಗೆ ಮೊದಲು ನನಗೂ ಸಿಟ್ಟಿತ್ತು. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯವನ್ನು ಸರಿಯಾಗಿ ಓದಿದ ಮೇಲೆ ಸ್ವಲ್ಪ ತಗ್ಗಿತು. ಐಥಿಯೋಪ್ಯದ ದೊಡ್ಡ ಅಧಿಕಾರಿಯೊಬ್ಬ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತ ಹೋಗುತ್ತಿದ್ದಾನೆ. ಫಿಲಿಪ್ಪ ಓಡುತ್ತ ಹೋಗಿ ಪಕ್ಕದಿಂದ ಕಿವಿಗೊಟ್ಟು, ಓದುತ್ತಿರುವುದು ಅರ್ಥವಾಗುತ್ತಿದೆಯೋ ಎಂದು ಕೇಳಿಬಿಡುತ್ತಾನೆ! ಆ ಅಧಿಕಾರಿ ಗದರಿಸಲಿಲ್ಲ. ಹೇಳಿಕೊಡುವವರಿಲ್ಲದೆ ಹೇಗೆ ಅರ್ಥವಾದೀತು ಎಂದು ಹತ್ತಿಸಿಕೊಂಡು ಪಕ್ಕದಲ್ಲಿ ಕೂರಿಸಿಕೊಂಡ. ಈಗ ನಾನೂ ನಡುವಿನ ಹಾಳೆಯನ್ನು ಕೇಳುವ ಮೊದಲೇ ತೆಗೆದು ಕೊಡುತ್ತೇನೆ. ಈವರೆಗೆ ಯಾರೂ ಯೆಶಾಯನನ್ನು ವಿವರಿಸಿಲ್ಲ. ಪದಬಂಧ ತುಂಬಿಸಿ ವಾಪಸು ಕೊಟ್ಟವರಿದ್ದಾರೆ.

ಈ ಸಂಗ್ರಹದಲ್ಲಿ ನನಗೆ ತಿಳಿದುಬಂದ ಒಂದು ಸಂಗತಿ ಇದೆ. "ನಾನೊಂದು ಮಾತು ಹೇಳ್ತೇನೆ, ನೆನಪಿಟ್ಕೊಳ್ಳಿ" ಎಂದು ಶುರು ಮಾಡುವವರ ಬಾಯಿಂದ ನೆನಪಿಡುವಂಥದ್ದು ಬರುವುದು ಅಪರೂಪ. ಅದರ ಹಿಂದೆ ಬರುವುದು ಸಾಮಾನ್ಯವಾಗಿ ಒಂದು ವಿಮೆ ಪಾಲಿಸಿ ಅಥವಾ ಮಂಡಿನೋವಿಗೆ ಎಣ್ಣೆ. ಬಯ್ಯುವಾಗ, ಮಾರುವಾಗ, ಬಸ್ಸಿಗೆ ಓಡುವಾಗ ಬಾಯಿತಪ್ಪಿ ಬಿದ್ದದ್ದೇ ಗಟ್ಟಿ ಮಾಲು. ಬೈಬಲಿನಲ್ಲಿ ಬಿಳಾಮನ ಕತ್ತೆ ಬಾಯಿಬಿಟ್ಟು ಮಾತಾಡಿದಾಗಲೂ ಉಪದೇಶ ಮಾಡಲಿಲ್ಲ. ಮೂರು ಸಲ ಯಾಕೆ ಹೊಡೆದೆ ಎಂದು ನ್ಯಾಯ ಕೇಳಿತು ಅಷ್ಟೇ. ಬಿಳಾಮನಾದರೂ ಕತ್ತೆ ಮಾತಾಡಿತಲ್ಲಪ್ಪ ಎಂದು ಬೆರಗಾಗಬೇಕಿತ್ತೋ ಇಲ್ಲವೋ? ಅವನು ಅದರ ಜೊತೆ ವಾದಕ್ಕೇ ನಿಂತ. ಅವನನ್ನು ನಮ್ಮ ಯಾವುದೇ ಸರ್ವಿಸ್ ಬಸ್ಸಿನಲ್ಲಿ ಕಂಡಕ್ಟರಿನ ಎದುರು ಚಿಲ್ಲರೆಗಾಗಿ ನಿಲ್ಲಿಸಬಹುದು.

ಸೊಲೊಮೋನನ ಮಾತು ನಮ್ಮ ಜಿಲ್ಲೆಗೆ ಒಪ್ಪದ ಪ್ರಸಂಗವೂ ಇದೆ. ಸೋಮಾರಿಯಾದವನು ದಾರಿಯಲ್ಲಿ ಸಿಂಹವಿದೆ ಎಂದು ನೆಪ ಹೇಳುತ್ತಾನೆ ಎಂದು 26:13ರಲ್ಲಿ ಅವನ ಕುಚೋದ್ಯ. ಅಂಗಡಿಯವರು ಕೊಟ್ಟ ನಂಬರಿಗೆ ಫೋನು ಮಾಡಿ, ಮುಖವೇ ನೋಡಿರದ ಒಬ್ಬರನ್ನು ತೆಂಗಿನಕಾಯಿ ಕೀಳಲು ಕರೆದಿದ್ದೆ. ಬರುತ್ತೇನೆಂದ ದಿನ ಬರಲಿಲ್ಲ. ಕೇಳಿದರೆ, "ನಮ್ಮ ಹಾಡಿಯಲ್ಲಿ ಚಿರತೆ ಉಂಟು ಮಾರಾಯ್ರೆ, ಹೊರಗೆ ಕಾಲಿಡ್ಲಿಕ್ಕಿಲ್ಲ" ಎಂಬ ಉತ್ತರ. ನನ್ನ ಹೆಂಡತಿ ಒಲೆಯ ಮುಂದಿನಿಂದಲೇ ಸಂಖ್ಯೆ ಕೂಗಿದಳು. ಆದರೆ ಉಡುಪಿ ಜಿಲ್ಲೆಯಲ್ಲಿ ಚಿರತೆ ನಾಯಿ ಹಿಡಿಯಲು ಬಂದು ಬಾವಿಗೆ ಬೀಳುವುದು, ಅರಣ್ಯ ಇಲಾಖೆಯವರು ಬಲೆ ಬೋನು ತರುವುದು, ಊರಿಗೆ ಊರೇ ಮೊಬೈಲ್ ಹಿಡಿದು ನಿಲ್ಲುವುದು ಹೊಸತಲ್ಲ. ಆ ಪುಣ್ಯಾತ್ಮ ಸೋಮಾರಿಯೋ ಸತ್ಯವಂತನೋ ಎಂಬುದು ನಮ್ಮ ಮನೆಯಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ. ಕಾಯಿ ಒಂದೊಂದಾಗಿ ತಾವೇ ಬಿದ್ದವು.

ಇನ್ನೊಂದು ಪ್ರಸಂಗವನ್ನು ನಗುತ್ತ ಹೇಳಲಾರೆ. ದ್ರಾಕ್ಷಿತೋಟದ ಕೂಲಿಗಳ ಸಾಮ್ಯ ಮತ್ತಾಯನ 20ನೆಯ ಅಧ್ಯಾಯದಲ್ಲಿದೆ. ಬೆಳಗಿನಿಂದ ಬಿಸಿಲಲ್ಲಿ ದುಡಿದವರಿಗೂ ಸಂಜೆ ಒಂದು ಗಂಟೆ ಕೆಲಸ ಮಾಡಿದವರಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಸಂಡೇ ಸ್ಕೂಲಿನಲ್ಲಿ ನಾನು ಎದ್ದು ನಿಂತು ಇದು ಅನ್ಯಾಯ ಎಂದಿದ್ದೆ. ಹೆಂಚಿನ ಕಾರ್ಖಾನೆಯಲ್ಲಿ ಹೀಗೆ ಮಾಡಿದ್ದರೆ ಮರುದಿನವೇ ಸ್ಟ್ರೈಕ್ ಆಗುತ್ತಿತ್ತು ಎಂದು ನಮ್ಮಜ್ಜನೂ ಹೇಳುತ್ತಿದ್ದರು. ದೇವರ ಕೃಪೆ ಹಾಗೆಯೇ, ಕೂತ್ಕೋ ಎಂದರು ಟೀಚರ್. ಕೂತೆ, ಒಪ್ಪಲಿಲ್ಲ.

ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ಕೂಲಿಗೆ ಬಂದವರು ನಮ್ಮೂರ ಸರ್ಕಲ್ಲುಗಳಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ನಿಂತಿರುತ್ತಾರೆ. ಮೇಸ್ತ್ರಿಗಳು ಬಂದು ಬೇಕಾದಷ್ಟು ಜನರನ್ನು ಪಿಕಪ್ಪಿಗೆ ಹತ್ತಿಸಿಕೊಂಡು ಹೋಗುತ್ತಾರೆ. ಒಂದು ದಿನ ಹತ್ತು ಗಂಟೆ ದಾಟಿದ ಮೇಲೆ ಚಾ ಅಂಗಡಿಯಲ್ಲಿ ನನ್ನ ಪಕ್ಕ ಕೂತ ಬಾಗಲಕೋಟೆಯವರೊಬ್ಬರ ಬುತ್ತಿ ಹಾಗೆಯೇ ಇತ್ತು. ಮಾತಿಗೆ ಮಾತು ಬೆಳೆಸಬೇಕಲ್ಲ ಎಂದು, "ಇವತ್ತು ರಜೆಯಾ?" ಎಂದೆ.

"ಎಲ್ಲೀ ರಜಾರಿ ಸರ. ಯಾರೂ ಕರೀಲಿಲ್ಲ" ಎಂದರು. ಚಾ ಊದಿ ಒಂದು ಗುಟುಕು ಕುಡಿದು ಮುಂದುವರಿಸಿದರು. "ಕೆಲಸ ಸಿಕ್ಕಾಂವಗ ಮೈ ಅಷ್ಟ ನೋಯ್ತೈತ್ರಿ. ನಿಂತಾಂವಗ ಬುತ್ತಿ ಬಿಚ್ಚಾಕ ಸೈತ ನಾಚಿಕಿ ಆಕ್ಕೈತಿ."

ಆ ಸಾಮ್ಯದಲ್ಲಿ ಯಜಮಾನ ಸಂಜೆ ಚೌಕಕ್ಕೆ ಬಂದು, ದಿನವಿಡೀ ಇಲ್ಲೇಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳುತ್ತಾನೆ. ಯಾರೂ ನಮ್ಮನ್ನು ಕರೆಯಲಿಲ್ಲ ಎಂದು ಅವರು ಹೇಳುತ್ತಾರೆ. ಬಾಯಿಪಾಠ ಮಾಡಿದವನು ನಾನು, ಸಂಖ್ಯೆಯೂ ಗೊತ್ತು, 20:7. ಅವರು ಅಷ್ಟು ಹೊತ್ತು ಕೆಲಸವಿಲ್ಲದೆ ನಿಂತದ್ದು ಕೂಡ ದುಡಿಮೆ ಎಂದು ನನಗೆ ಯಾವ ವ್ಯಾಖ್ಯಾನವೂ ಹೇಳಿರಲಿಲ್ಲ. ಬಾಗಲಕೋಟೆಯವರು ಎರಡು ವಾಕ್ಯದಲ್ಲಿ ಹೇಳಿ ಗ್ಲಾಸು ಕೆಳಗಿಟ್ಟರು. ಅವರ ಚಾದ ದುಡ್ಡನ್ನು ಕೊಡಲು ಹೋದೆ, ಬಿಡಲಿಲ್ಲ. ನನ್ನದನ್ನೂ ಅವರೇ ಕೊಟ್ಟರು.

ಆಸ್ಪತ್ರೆಯ ಕಾರಿಡಾರು ಮಾತ್ರ, ಬೈಬಲಿನಲ್ಲಿ ಕಷ್ಟಕ್ಕೆ ಸಿಕ್ಕ ಯೋಬನಿಗೆ ಸಮಾಧಾನ ಹೇಳಲು ಬಂದು ಬುದ್ಧಿ ಹೇಳಿದ ಗೆಳೆಯರ ರಾಜ್ಯ. ಅಣ್ಣನಿಗೆ ಆಪರೇಷನ್ ಆದಾಗ ಐಸಿಯು ಹೊರಗೆ ಕೂತಿದ್ದೆ. ಗುರುತಿಲ್ಲದ ಒಬ್ಬರು ಅಮೃತಬಳ್ಳಿ ಕಷಾಯ ಹೇಳಿದರು, ಇನ್ನೊಬ್ಬರು ಈ ಡಾಕ್ಟರಿಗಿಂತ ಆ ಡಾಕ್ಟರು ಒಳ್ಳೆಯವರಿದ್ದರು ಎಂದರು. ಮೂರನೆಯವರು ಕೈ ಹಿಡಿದು, "ಏನೂ ಹೆದರ್ಬೇಡಿ, ನಮ್ಮ ಮಾವನಿಗೂ ಇದೇ ಆಪರೇಷನ್. ಪಾಪ, ಎಷ್ಟು ಒಳ್ಳೆ ಮನುಷ್ಯ ಆಗಿದ್ರು" ಎಂದು ಧೈರ್ಯ ತುಂಬಿದರು. ಯೋಬನ ಗೆಳೆಯರನ್ನು ಎಲ್ಲರೂ ಬಯ್ಯುತ್ತಾರೆ. ಆದರೆ ಅವರು ಬಂದ ಮೊದಲ ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಅದನ್ನು ಯಾರೂ ನೆನೆಯುವುದಿಲ್ಲ. ಎಂಟನೆಯ ದಿನ ಎದ್ದು ಮನೆಗೆ ಹೋಗಿಬಿಟ್ಟಿದ್ದರೆ ಇವತ್ತು ಮಕ್ಕಳಿಗೆ ಅವರ ಹೆಸರಿಡುತ್ತಿದ್ದರು.

ನನ್ನೆದುರಿನ ಬೆಂಚಿನಲ್ಲಿ ಹಾವೇರಿ ಕಡೆಯ ಅಜ್ಜಿಯೊಬ್ಬರಿದ್ದರು. ಅವರ ಮೊಮ್ಮಗ ಒಳಗಿದ್ದ. ಇಡೀ ದಿನ ಅವರು ನನ್ನನ್ನು ಯಾವ ಊರು ಎಂದು ಕೂಡ ಕೇಳಲಿಲ್ಲ, ನನಗೇ ಕಸಿವಿಸಿಯಾಗುವಷ್ಟು. ರಾತ್ರಿ ಗಂಟು ಬಿಚ್ಚಿ ಕಟಕ ರೊಟ್ಟಿಯೊಂದನ್ನು ಮುರಿದು, ಮೇಲೆ ಶೇಂಗಾ ಚಟ್ನಿ ಹಾಕಿ ನನ್ನ ಕೈಗೆ ತುರುಕಿದರು. ಬೇಡವೆಂದೆ. "ತಿನ್ನೋ ತಮ್ಮಾ. ಚಿಂತಿ ಮಾಡಾಕೂ ಹೊಟ್ಟ್ಯಾಗ ಏನರ ಬೇಕಾಕ್ಕೈತಿ" ಎಂದರು.

ತಿನ್ನುತ್ತಿದ್ದಾಗ ಸಂಖ್ಯೆ ತಾನಾಗಿ ಬಂತು. ಪ್ರವಾದಿ ಎಲೀಯನು ಸಾಕಪ್ಪಾ ಸಾಕು, ಪ್ರಾಣ ತೆಗೆದುಬಿಡು ಎಂದು ದೇವರಲ್ಲಿ ಬೇಡಿಕೊಂಡು ಮರುಭೂಮಿಯಲ್ಲಿ ಗಿಡದ ಕೆಳಗೆ ಮಲಗಿದ್ದಾನೆ. ಅಲ್ಲಿಗೆ ಬಂದ ದೇವದೂತ ಧೈರ್ಯದ ಮಾತು ಹೇಳಲಿಲ್ಲ, ನಂಬಿಕೆ ಎಲ್ಲಿ ಹೋಯಿತು ಎಂದು ಗದರಲೂ ಇಲ್ಲ. ತಟ್ಟಿ ಎಬ್ಬಿಸಿ ತಿನ್ನು ಎಂದ. ತಲೆಯ ಹತ್ತಿರ ಕೆಂಡದಲ್ಲಿ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದವನನ್ನು ಇನ್ನೊಮ್ಮೆ ಎಬ್ಬಿಸಿ ಮತ್ತೆ ತಿನ್ನಿಸಿದ. ಒಂದನೆಯ ಅರಸುಗಳು, 19ನೆಯ ಅಧ್ಯಾಯ. ಚಟ್ನಿಯ ಮಾತು ಅಲ್ಲಿ ಬರೆದಿಲ್ಲ. ಬರೆದವರು ಹಾವೇರಿಯ ಕಡೆಯವರಲ್ಲದ್ದರಿಂದ ಬಿಟ್ಟುಹೋಗಿರಬೇಕು. ಅಜ್ಜಿಯೂ ಎರಡನೆಯ ರೊಟ್ಟಿ ಮುರಿದರು. ಅವರ ಮೊಮ್ಮಗ ನಮ್ಮಣ್ಣನಿಗಿಂತ ಮೊದಲೇ ವಾರ್ಡಿಗೆ ಬಂದ, ಬಂದವನೇ ಮೊಬೈಲು ಕೇಳಿದ.

ಹೀಗೆ ಕಿವಿ ತೆರೆದುಕೊಂಡು ಓಡಾಡುವ ನನಗೆ ಮೊನ್ನೆ ರಾತ್ರಿ ವಾಕ್ಯವೇ ಎದುರು ಬಂತು. ಮಳೆ, ಬಸ್ಸಿಲ್ಲ, ಸಿಕ್ಕಿದ್ದೊಂದು ಆಟೋ. ಹಿಂದಿನ ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ಮತ್ತಾಯ 6:34, ನಾಳೆಯ ಚಿಂತೆ ಇವತ್ತು ಬೇಡ ಎನ್ನುವ ವಾಕ್ಯ. ಡ್ರೈವರಿನ ಮುಂದೆ ನೋಡಿದರೆ ಕಟೀಲು ದೇವಿಯ ಫೋಟೋ, ಅದಕ್ಕೆ ಮಲ್ಲಿಗೆ. ಸುಮ್ಮನಿರಲಾಗುತ್ತದೆಯೇ?

"ಈ ಹಿಂದೆ ಬರೆದದ್ದು ನೀವಾ?" ಎಂದು ಕೇಳಿದೆ.

"ಅಲ್ಲ ಸಾರ್, ಗಾಡಿ ಸೆಕೆಂಡ್ ಹ್ಯಾಂಡ್. ಹಿಂದಿನವ ಬರೆಸಿದ್ದು. ಕೆರೆದು ತೆಗೀಲಿಕ್ಕೆ ಹೋದ್ರೆ ಗಾಜಿಗೆ ಗೀರು ಬೀಳ್ತದೆ. ಒಳ್ಳೆ ಮಾತೇ ಅಲ್ವಾ, ಇರ್ಲಿ ಅಂತ ಬಿಟ್ಟೆ."

"ಒಳ್ಳೆ ಮಾತೇ" ಎಂದೆ ಸಂಭ್ರಮದಿಂದ.

"ಅವನಿಗೆ ಯಾಕೆ ನಾಳೆ ಚಿಂತೆ ಇರ್ಲಿಲ್ಲ ಅಂತ ಗಾಡಿ ತಗೊಂಡ ಮೇಲೆ ಗೊತ್ತಾಯ್ತು ಸಾರ್. ಇಂಜಿನ್ ಪೂರಾ ಹೋಗಿತ್ತು."

ಮನೆ ಬಂತು. ಮೀಟರಿನ ಮೇಲೆ ಐವತ್ತು ರೂಪಾಯಿ ಹೆಚ್ಚು ಕೇಳಿದರು. ವಾಪಸು ಖಾಲಿ ಹೋಗಬೇಕು, ನಾಳೆ ಬೆಳಿಗ್ಗೆ ಲೋನಿನ ಕಂತು ಕಟ್ಟಬೇಕು ಎಂದರು. ನಾನು ಕೊಡೆ ಬಿಚ್ಚುತ್ತ, ಮಾತಾಡದೆ, ಹಿಂದಿನ ಗಾಜಿನ ಕಡೆ ಬೆರಳು ತೋರಿಸಿದೆ.

ಅವರು ತಿರುಗಿ ಕೂಡ ನೋಡಲಿಲ್ಲ. "ಅದು ಹಿಂದೆ ಬರುವವರು ಓದ್ಲಿಕ್ಕೆ ಸಾರ್" ಎಂದು ಕೈ ಚಾಚಿದರು.